ಪಟಕ್ಕೆ ಸಿಕ್ಕದ ವಿಮಾನ

ಹಳೆಯ ವಿಮಾನಗಳ ಛಾಯಾಚಿತ್ರಗಳನ್ನು ನೋಡುವ ಚಟ ಹತ್ತಿದವರಿಗೆ ಒಂದು ಸಂಗತಿ ಬೇಗನೆ ಗಮನಕ್ಕೆ ಬರುತ್ತದೆ. ಆ ಚಿತ್ರಗಳಲ್ಲಿ ವಿಮಾನ ಹಾರುತ್ತಿರುವುದು ಬಹಳ ಅಪರೂಪ. ಹುಲ್ಲಿನ ಬಯಲಿನಲ್ಲೋ ಹ್ಯಾಂಗರಿನ ಬಾಗಿಲಲ್ಲೋ ಅದು ನಿಂತಿರುತ್ತದೆ. ರೆಕ್ಕೆಯ ನೆರಳಿನಲ್ಲಿ ಟೋಪಿಯ ಸಾಹೇಬರು, ಪೇಟದ ಅಧಿಕಾರಿಗಳು, ಹೂವಿನ ಹಾರ ಹಿಡಿದವರು; ಹಗ್ಗದ ಆಚೆ ಊರಿನ ಮಂದಿ. ಹಾರುವುದಕ್ಕೆಂದೇ ಹುಟ್ಟಿದ ಯಂತ್ರವನ್ನು ನಾವು ಬಲ್ಲದ್ದೆಲ್ಲ ನಿಂತ ಭಂಗಿಯಲ್ಲಿಯೇ.

ಇದಕ್ಕೆ ಕಾರಣ ಬೇರೆಲ್ಲೂ ಹುಡುಕಬೇಕಾಗಿಲ್ಲ, ಕ್ಯಾಮರಾದೊಳಗೇ ಇದೆ. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಅನುಕೂಲಸ್ಥರ ಮನೆಗಳಲ್ಲಿ ಇರುತ್ತಿದ್ದದ್ದು ಪೆಟ್ಟಿಗೆ ಕ್ಯಾಮರಾ. ಅದರ ನೆಗೆಟಿವ್ ಆರು ಸೆಂಟಿಮೀಟರ್ ಅಗಲ, ಒಂಬತ್ತು ಸೆಂಟಿಮೀಟರ್ ಉದ್ದ. ಮಸೂರಕ್ಕೂ ಫಿಲ್ಮಿಗೂ ನಡುವೆ ಸುಮಾರು ಹತ್ತು ಸೆಂಟಿಮೀಟರ್ ದೂರ. ಅದರ ಕಣ್ಣು ತೆರೆದು ಮುಚ್ಚುವುದಕ್ಕೆ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗದಿಂದ ಐವತ್ತನೆಯ ಒಂದು ಭಾಗದವರೆಗೆ ಬೇಕು. ಒಂಬತ್ತೂವರೆ ಮೀಟರ್ ರೆಕ್ಕೆಯ ವಿಮಾನವೊಂದು ಮುನ್ನೂರು ಮೀಟರ್ ಎತ್ತರದಲ್ಲಿ ನೆತ್ತಿಯ ಮೇಲೆ ಹಾದುಹೋಯಿತೆನ್ನಿ. ಲೆಕ್ಕ ಹಾಕಿ ನೋಡಿದೆ: ನೆಗೆಟಿವಿನ ಮೇಲೆ ಅದು ಮೂರು ಮಿಲಿಮೀಟರ್, ಎಂದರೆ ಒಂದು ಎಳ್ಳು ಕಾಳಿನಷ್ಟು. ಕ್ಯಾಮರಾದ ಕಣ್ಣು ಮುಚ್ಚುವುದರೊಳಗೆ ವಿಮಾನ ಒಂದೂವರೆ ಮೀಟರಿಗೂ ಹೆಚ್ಚು ಮುಂದೆ ಸರಿದಿರುವುದರಿಂದ ಆ ಎಳ್ಳೂ ಅರ್ಧ ಮಿಲಿಮೀಟರಿನಷ್ಟು ಕದಡಿ ಹೋಗುತ್ತದೆ. ಅಂಥ ಪಟವನ್ನು ಯಾರು ತೊಳೆಸಿ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ? ವಿಮಾನ ಎಲ್ಲಿ ಇಳಿಯಿತೋ ಅಲ್ಲಿ ಮಾತ್ರ ಅದು ಚಿತ್ರವಾಯಿತು. ಹಾದುಹೋದ ಊರುಗಳ ಪಾಲಿಗೆ ಉಳಿದದ್ದು ಸದ್ದು.

ನಮ್ಮ ದೇಶದ ಮಟ್ಟಿಗೆ ಈ ಚಿತ್ರಗಳ ಸಾಲು 1910ರಿಂದ ಮೊದಲಾಗುತ್ತದೆ. 1911ರ ಫೆಬ್ರವರಿ 18ರಂದು ಅಲಹಾಬಾದಿನ ಪ್ರದರ್ಶನದ ಬಯಲಿನಿಂದ ಹೆನ್ರಿ ಪೆಕೆ ಎಂಬ ಫ್ರೆಂಚ್ ತರುಣ ಸುಮಾರು 6,500 ಕಾಗದಗಳನ್ನು ಹೊತ್ತು ಯಮುನೆಯನ್ನು ದಾಟಿ ನೈನಿಯಲ್ಲಿ ಇಳಿದ. ಪ್ರಪಂಚದಲ್ಲಿ ಸರಕಾರಿ ಟಪಾಲು ವಿಮಾನವೇರಿದ್ದು ಅದೇ ಮೊದಲು. ಅದೇ ವರ್ಷ ಬೆಂಗಳೂರಿನ ಜನ ಬೆಲ್ಜಿಯಂ ದೇಶದ ಜೂಲ್ಸ್ ಟಿಕ್ ಎಂಬವನ ಹಾರಾಟವನ್ನು ಕಂಡರು. ಈ ಎರಡೂ ಕಡೆ ವಿಮಾನ ಬಂದದ್ದು ಆಕಾಶದಿಂದಲ್ಲ! ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಕುಳಿತು, ಹಡಗಿನಲ್ಲಿಯೂ ರೈಲಿನಲ್ಲಿಯೂ ಪ್ರಯಾಣ ಮಾಡಿ ಬಂದು, ಬಯಲಿನಲ್ಲಿ ಜೋಡಣೆಯಾಗಿ, ನಾಲ್ಕು ಸುತ್ತು ಹಾರಿ, ಮತ್ತೆ ಪೆಟ್ಟಿಗೆ ಸೇರಿ ಮುಂದಿನ ಊರಿಗೆ ಹೊರಡುತ್ತಿದ್ದ ಕಾಲ ಅದು. ನಮ್ಮ ನಾಟಕ ಕಂಪೆನಿಗಳೂ ಹೀಗೆಯೇ ಊರೂರು ತಿರುಗುತ್ತಿದ್ದವು.

ಇಂಥ ಚಿತ್ರಗಳನ್ನು ಓದುವುದಕ್ಕೆ ಕೆಲವು ಕೀಲಿಗಳಿವೆ. ಮೈಮೇಲೆ ಬರೆದ ಅಕ್ಷರಗಳು ಮೊದಲನೆಯದು. 1920ರ ದಶಕದ ಕೊನೆಯವರೆಗೆ ಭಾರತದ ವಿಮಾನಗಳಿಗೆ ‘ಜಿ’ ಮತ್ತು ‘ಐ’ ಎಂಬ ಅಕ್ಷರಗಳು ಮೊದಲು ಬರುತ್ತಿದ್ದವು; ಆಮೇಲೆ ‘ವಿ.ಟಿ.’ ಬಂದಿತು, ಇಂದಿಗೂ ಅದೇ ಇದೆ. ಯಂತ್ರದ ಜಾತಿ ಎರಡನೆಯ ಕೀಲಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಯ ಜುಹೂಗೆ ಟಪಾಲು ತಂದದ್ದು ‘ಪುಸ್ ಮಾತ್’ ಎಂಬ ವಿಮಾನದಲ್ಲಿ. ಅದರ ಗುರುತು ವಿ.ಟಿ.-ಎ.ಡಿ.ಎನ್. ಅವರೇ 1962ರಲ್ಲಿಯೂ 1982ರಲ್ಲಿಯೂ ಆ ಹಾರಾಟವನ್ನು ನೆನಪಿಗಾಗಿ ಮತ್ತೆ ಮಾಡಿ ತೋರಿಸಿದರು. ಎರಡನೆಯ ಸಲ ಅವರಿಗೆ 78 ವರ್ಷ. ಆಗ ಬಳಸಿದ್ದು ‘ಲೆಪರ್ಡ್ ಮಾತ್’. ನೋಡುವವರಿಗೆ ಇವೆರಡೂ ಅಕ್ಕತಂಗಿಯರಂತೆ ಕಾಣುತ್ತವೆ. ಹಾಗಾಗಿ ಕಪ್ಪುಬಿಳುಪಿನ ಲೆಪರ್ಡ್ ಮಾತ್ ಚಿತ್ರ ಕೈಗೆ ಸಿಕ್ಕಿದವರು ಅದಕ್ಕೆ ‘1932’ ಎಂದು ಬರೆದುಬಿಟ್ಟಾರು. ಲೆಪರ್ಡ್ ಮಾತ್ ಮೊತ್ತಮೊದಲು ನೆಲ ಬಿಟ್ಟು ಎದ್ದದ್ದೇ 1933ರ ಮೇ ತಿಂಗಳಲ್ಲಿ. ಹುಟ್ಟುವುದಕ್ಕೆ ಮೊದಲೇ ಟಪಾಲು ಹೊತ್ತೀತು ಹೇಗೆ? (ಈ ಹೆಸರುಗಳೆಲ್ಲ ಇಂಗ್ಲೆಂಡಿನ ಪತಂಗಗಳವು. ಆ ವಿಮಾನಗಳನ್ನು ಮಾಡಿದ ಡಿ ಹ್ಯಾವಿಲೆಂಡ್ ಮಹಾಶಯನಿಗೆ ಪತಂಗ ಚಿಟ್ಟೆಗಳ ಮೇಲೆ ಬಹಳ ಮೋಹವಂತೆ.)

ಆ ದಿನ ಮುಂಬಯಿಗೆ ಬಂದ ಟಪಾಲನ್ನು ಮುಂದಕ್ಕೆ ಮದರಾಸಿಗೆ ಒಯ್ದವನು ನೆವಿಲ್ ವಿನ್ಸೆಂಟ್, ಟಾಟಾರ ಬೆನ್ನು ಹತ್ತಿ ಈ ವಿಮಾನ ಟಪಾಲಿನ ಯೋಜನೆಯನ್ನು ನಡೆಸಿಕೊಂಡವನೇ ಅವನು. ನಡುದಾರಿಯ ತಂಗುದಾಣ ನಮ್ಮ ಬಳ್ಳಾರಿ. ಮೊದಲ ವರ್ಷದಲ್ಲಿ ಆ ಸಂಸ್ಥೆಯ ವಿಮಾನಗಳು ಹೊತ್ತ ಪ್ರಯಾಣಿಕರು 155 ಮಂದಿ ಮಾತ್ರ. ಇಂದು ಒಂದು ವಿಮಾನದಲ್ಲಿ ಒಂದೇ ಸಲಕ್ಕೆ ಅಷ್ಟು ಜನ ಕುಳಿತು ಹೋಗುತ್ತಾರೆ.

ಇಲ್ಲಿಯವರೆಗಿನ ಕಥೆ ಅಲ್ಲಿ ಇಲ್ಲಿ ಅಚ್ಚಾಗಿದೆ, ಹಲವರು ಓದಿರುತ್ತಾರೆ. ನನ್ನ ಮನಸ್ಸನ್ನು ಹಿಡಿದದ್ದು ಮೂರು ವರ್ಷಗಳ ಮೇಲೆ ನಡೆದ ಇನ್ನೊಂದು ಹಾರಾಟ. 1935ರಲ್ಲಿ ಟಾಟಾ ಸಂಸ್ಥೆ ಮುಂಬಯಿಯಿಂದ ತಿರುವನಂತಪುರಕ್ಕೆ ವಾರಕ್ಕೊಂದು ವಿಮಾನ ಹೊರಡಿಸಿತು. ಮೊದಲ ವಿಮಾನ ‘ಫಾಕ್ಸ್ ಮಾತ್’. ನಡೆಸಿದವನು ಅದೇ ವಿನ್ಸೆಂಟ್. ತಿರುವಾಂಕೂರಿನ ಮಹಾರಾಜರ ಹುಟ್ಟುಹಬ್ಬಕ್ಕೆ ವೈಸರಾಯ್ ವಿಲ್ಲಿಂಗ್ಡನ್ ಕಳುಹಿಸಿದ ಶುಭಾಶಯದ ಕಾಗದ ಅದರೊಳಗಿತ್ತು. ನವೆಂಬರ್ 1ರಂದು ತಿರುವಾಂಕೂರಿನ ‘ಅಂಚಲ್’ ಟಪಾಲನ್ನು ಹೇರಿಕೊಂಡು ಅದು ಮುಂಬಯಿಯ ಕಡೆಗೆ ತಿರುಗಿತು. ಈ ದಾರಿಯಲ್ಲಿ ಅದು ಇಳಿಯುತ್ತಿದ್ದ ಸ್ಥಳಗಳು ಎರಡು, ಗೋವ ಮತ್ತು ಕಣ್ಣೂರು.

ಗೋವ, ಆಮೇಲೆ ಕಣ್ಣೂರು. ನಡುವೆ ನಾವು!

ಭೂಪಟ ಬಿಡಿಸಿ ಪಣಜಿಗೂ ಕಣ್ಣೂರಿಗೂ ಅಳತೆಗೋಲಿಟ್ಟು ಗೆರೆ ಎಳೆದೆ. ಗೆರೆ ಕಾರವಾರದ ಹೊರಗಿನ ಕಡಲಿನಲ್ಲಿ ಸಾಗಿ, ದಕ್ಷಿಣಕ್ಕೆ ಬಂದಂತೆ ದಡದ ಕಡೆಗೆ ಓರೆಯಾಗಿ, ನೆಲ ಮುಟ್ಟಿದ ಮೇಲೆ ಸರಿಯಾಗಿ ಉಡುಪಿಯ ನೆತ್ತಿಯ ಮೇಲೆ ಹಾದು, ಕಾಪುವಿನ ದೀಪಸ್ತಂಭವನ್ನು ಐದಾರು ಕಿಲೋಮೀಟರ್ ಬಲಕ್ಕೆ ಬಿಟ್ಟು ಮಂಗಳೂರಿನ ಕಡೆಗೆ ಇಳಿಯಿತು. ವೈಮಾನಿಕ ನನ್ನ ಅಳತೆಗೋಲಿನ ಗೆರೆಯನ್ನೇ ಹಿಡಿದು ಹೋದನೆಂದು ಹೇಳಬರುವುದಿಲ್ಲ. ರೇಡಿಯೋ ಮಾರ್ಗದರ್ಶನ ನೆಚ್ಚುವ ಹಾಗಿಲ್ಲದ ಆ ದಿನಗಳಲ್ಲಿ ರೈಲುಹಳಿಯನ್ನೋ ಹೊಳೆಯನ್ನೋ ಕಡಲಂಚನ್ನೋ ನೋಡಿಕೊಂಡು ಹಾರುವುದು ರೂಢಿ. ಗೋವದಿಂದ ಮಂಗಳೂರಿನವರೆಗೆ ಕಡಲಂಚಿನಲ್ಲಿ ಹಳಿ ಎಂಬುದೇ ಇರಲಿಲ್ಲ. ಆದ್ದರಿಂದ ಅವನಿಗಿದ್ದ ಗುರುತುಗಳೆಂದರೆ ನೊರೆಯ ಬಿಳಿಗೆರೆ, ಹೊಳೆಬಾಯಿಗಳು, ದೀಪಸ್ತಂಭಗಳು, ಬೆಟ್ಟಗಳು. ಗೆರೆ ಹಿಡಿದರೂ ಉಡುಪಿ, ಅಂಚು ಹಿಡಿದರೂ ಉಡುಪಿ. ಬೇರೆ ದಾರಿ ಇರಲಿಲ್ಲ.

ಫಾಕ್ಸ್ ಮಾತ್ ವಿಮಾನದ ರಚನೆ ಒಂದು ತಮಾಷೆ. ಮೂರು ನಾಲ್ಕು ಪ್ರಯಾಣಿಕರು ಮುಂದುಗಡೆ ಮುಚ್ಚಿದ ಗೂಡಿನೊಳಗೆ ಬೆಚ್ಚಗೆ ಕುಳಿತಿರುತ್ತಾರೆ. ನಡೆಸುವವನು ಅವರ ಹಿಂದೆ, ಅವರಿಗಿಂತ ಎತ್ತರದಲ್ಲಿ, ತೆರೆದ ಕುಳಿಯಲ್ಲಿ, ಗಾಳಿಗೆ ಮುಖವೊಡ್ಡಿಕೊಂಡು ಕೂರಬೇಕು. ಜಟಕಾದವನೂ ಮುಂದೆ ಕೂರುತ್ತಾನೆ, ಇಲ್ಲಿ ಸಾರಥಿಯೇ ಹಿಂದೆ! ಗಂಟೆಗೆ ಸುಮಾರು 150 ಕಿಲೋಮೀಟರ್ ವೇಗ. ಗೋವ ಬಿಟ್ಟು ಎರಡು ಗಂಟೆಯೊಳಗೆ ಅವನು ಗಂಗೊಳ್ಳಿಯಲ್ಲಿ ಐದು ಹೊಳೆಗಳು ಕೂಡಿ ಕಡಲು ಸೇರುವುದನ್ನು ಕಂಡಿರಬೇಕು. ಅಲ್ಲಿಂದ ಕಾಪುವಿನವರೆಗೆ ಹದಿನೆಂಟು ಇಪ್ಪತ್ತು ನಿಮಿಷದ ಹಾದಿ. ಕೋಡಿಬೆಂಗ್ರೆಯ ನಾಲಗೆಯಂಥ ಮರಳು, ಸ್ವರ್ಣೆ ಸೀತೆಯರ ಹೊಳೆಬಾಯಿ, ಮಲ್ಪೆಯ ಹೊರಗೆ ಚೆಲ್ಲಿದ ಕಲ್ಲಿನ ದ್ವೀಪಗಳು; ಕೆಳಗೆ ತೆಂಗಿನ ತಲೆಗಳ ನಡುವೆ ಏಣೆಲು ಬೆಳೆ ಹಣ್ಣಾದ ಗದ್ದೆಗಳು, ರಥಬೀದಿಯ ಚೌಕ. ಮಣಿಪಾಲ ಆಗ ಮುರಕಲ್ಲಿನ ಬೋಳುಗುಡ್ಡ. ವೈದ್ಯಕೀಯ ಕಾಲೇಜು ಬರುವುದಕ್ಕೆ ಇನ್ನೂ ಹದಿನೆಂಟು ವರ್ಷ ಕಳೆಯಬೇಕಿತ್ತು. ಎಡಗಡೆಗೆ ಕಾರ್ಕಳದ ಸೀಮೆ. 1432ರಿಂದ ಅಲ್ಲಿ ಬಂಡೆಯ ಮೇಲೆ ನಿಂತಿರುವ ಗೊಮ್ಮಟಸ್ವಾಮಿ ಅಷ್ಟು ದೂರದಿಂದ ಬರಿಗಣ್ಣಿಗೆ ಕಾಣಲಾರ. ಕುದುರೆಮುಖದ ಶಿಖರ ಮಾತ್ರ ತಪ್ಪದೆ ಕಂಡಿರಬೇಕು. ಕಡಲಿನ ಕಡೆಯಿಂದ ನೋಡಿದರೆ ಕುದುರೆಯ ಮುಖದಂತಿದೆ ಎಂದೇ ಅದಕ್ಕೆ ಆ ಹೆಸರು. ಹಾಯಿಹಡಗಿನವರಿಗೆ ದಾರಿ ತೋರಿಸಿದ ಬೆಟ್ಟವೂ, 1901ರಲ್ಲಿ ಹಡಗುಗಳಿಗಾಗಿ ಕಟ್ಟಿದ ಕಾಪುವಿನ ದೀಪಸ್ತಂಭವೂ ಈಗ ಆಕಾಶದಲ್ಲಿ ಹೋಗುವವನಿಗೂ ಗುರುತಾದವು.

ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಉಡುಪಿಗೆ ರೈಲು ಬಂದದ್ದು ಕೊಂಕಣ ರೈಲ್ವೆಯ ಮಂಗಳೂರು–ಉಡುಪಿ ತುಂಡು ತೆರೆದಾಗ, 1993ರ ಮಾರ್ಚಿನಲ್ಲಿ. ಎಂದರೆ ಈ ಊರಿನ ನೆತ್ತಿಯ ಮೇಲೆ ವಿಮಾನ ಹಾರತೊಡಗಿ ಐವತ್ತೇಳು ವರ್ಷ ಕಳೆದ ಮೇಲೆ! ಹೋಟೆಲಿನ ಕೆಲಸಕ್ಕೆಂದು ಮುಂಬಯಿಗೆ ಹೊರಟ ಹುಡುಗರು ಹೊಳೆ ಹೊಳೆಗೂ ದೋಣಿ ದಾಟಿಯೋ, ಕರಾವಳಿಯ ಹಡಗು ಹತ್ತಿಯೋ, ಘಟ್ಟ ಸುತ್ತಿ ಬಳಸಿಯೋ ಹೋಗುತ್ತಿದ್ದಾಗ ವೈಸರಾಯರ ಕಾಗದ ಅವರ ತಲೆಯ ಮೇಲೆ ನೇರವಾಗಿ ಹೋಯಿತು. ಕೆಳಗಿನ ಊರಿನವರಿಗೆ ಒಂದು ಕಾಗದವನ್ನೂ ಅದು ಇಳಿಸಲಿಲ್ಲ, ಏರಿಸಿಕೊಳ್ಳಲೂ ಇಲ್ಲ.

ಅಂದು ಗದ್ದೆಯಲ್ಲಿ ಕುಡುಗೋಲು ಹಿಡಿದು ಬಾಗಿದವರು ಸೊಂಟ ನೆಟ್ಟಗೆ ಮಾಡಿ ಮೇಲೆ ನೋಡಿರಬೇಕು. ಶಾಲೆಯ ಮಕ್ಕಳು ಅಂಗಳಕ್ಕೆ ಓಡಿರಬೇಕು. ಆ ಹಾರಾಟದ ಚಿತ್ರಗಳು ಬೇಕಾದರೆ ಹುಡುಕಬೇಕಾದದ್ದು ಹೊರಟ ಕಡೆಯಲ್ಲಿ, ಮುಟ್ಟಿದ ಕಡೆಯಲ್ಲಿ. ಹಾದಿಯಲ್ಲಿ ಚಿತ್ರ ಹುಟ್ಟುವ ಸಂಭವ ಇರಲಿಲ್ಲ: ಪೆಟ್ಟಿಗೆ ಕ್ಯಾಮರಾದ ಲೆಕ್ಕವನ್ನು ಮೊದಲೇ ಹೇಳಿದ್ದೇನೆ; ಸ್ಟುಡಿಯೋದವನ ಮೂರು ಕಾಲಿನ ಕ್ಯಾಮರಾ ಕಪ್ಪು ಬಟ್ಟೆಯೊಳಗೆ ತಲೆ ತೂರಿಸುವಷ್ಟರಲ್ಲಿ ವಿಮಾನ ಉದ್ಯಾವರದ ಹೊಳೆ ದಾಟಿರುತ್ತದೆ. ಒಂದು ವೇಳೆ ಯಾರಾದರೂ ತೆಗೆದಿದ್ದರೂ ಅಚ್ಚು ಹಾಕುವವರು ಯಾರು? ಆ ಕಾಲದಲ್ಲಿ ಒಂದು ಚಿತ್ರಕ್ಕೆ ಸತುವಿನ ಬ್ಲಾಕು ಮಾಡಿಸುವುದು ಸಣ್ಣ ಪತ್ರಿಕೆಗಳಿಗೆ ಭಾರವಾದ ಖರ್ಚು. ಮಣಿಪಾಲದಿಂದ ‘ಉದಯವಾಣಿ’ ಹೊರಡತೊಡಗಿದ್ದು 1970ರ ಜನವರಿಯಲ್ಲಿ. ಆ ಹೊತ್ತಿಗೆ ವಿಮಾನ ಸುದ್ದಿಯಾಗುವ ಕಾಲವೇ ಮುಗಿದಿತ್ತು.

ವಿಚಿತ್ರವೆಂದರೆ, ಹಾರಿದ ಈ ವಿಮಾನಕ್ಕೆ ನಮ್ಮಲ್ಲಿ ಚಿತ್ರವಿಲ್ಲ; ಎಂದೂ ಹಾರದ ವಿಮಾನಗಳಿಗೆ ಬೇಕಾದಷ್ಟು ಚಿತ್ರಗಳಿವೆ. ‘ವೈಮಾನಿಕ ಶಾಸ್ತ್ರ’ ಎಂಬ ಗ್ರಂಥದ ಹೆಸರನ್ನು ಕೇಳದವರಿಲ್ಲ. ಅದರೊಡನೆ ಅಚ್ಚಾಗುವ ಗೋಪುರದಂಥ, ಪಕ್ಷಿಯಂಥ ವಿಮಾನಗಳ ನಕ್ಷೆಗಳನ್ನು ಪ್ರಾಚೀನವೆಂದು ನಂಬಿ ಗೋಡೆಗೆ ಹಾಕಿಕೊಂಡವರನ್ನು ನಾನು ನೋಡಿದ್ದೇನೆ. ಗ್ರಂಥವನ್ನು ಹೇಳಿ ಬರೆಯಿಸಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು. ನಕ್ಷೆಗಳನ್ನು ಬರೆದವರು 1920ರ ದಶಕದಲ್ಲಿ ಬೆಂಗಳೂರಿನಲ್ಲಿದ್ದ ಒಬ್ಬ ನಕ್ಷೆಗಾರರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಅದನ್ನು ಕೂಲಂಕಷವಾಗಿ ಪರೀಕ್ಷಿಸಿ, ಗ್ರಂಥ 1904ಕ್ಕಿಂತ ಹಿಂದಿನದಾಗಿರಲಾರದೆಂದೂ ಅದರಲ್ಲಿ ಹೇಳಿದ ಯಂತ್ರಗಳು ಹಾರಲಾರವೆಂದೂ ತೀರ್ಪು ಕೊಟ್ಟರು. ಪುಷ್ಪಕ ವಿಮಾನದ ಕಲ್ಪನೆಯ ಸೊಬಗಿಗೆ ಇದರಿಂದ ಯಾವ ಕುಂದೂ ಇಲ್ಲ. ಕಾವ್ಯದ ವಿಮಾನ ಕಾವ್ಯದಲ್ಲಿ ಹಾರುತ್ತಿರಲಿ. ಆದರೆ ಕಣ್ಣೆದುರಿಗೆ ಚಿತ್ರವೊಂದಿದ್ದರೆ ಸಾಕು, ಸಾಕ್ಷಿ ಇದೆ ಎಂದು ತಿಳಿಯುವ ನಮ್ಮ ಸ್ವಭಾವ ಒಳ್ಳೆಯದಲ್ಲ. ಚಿತ್ರವಿಲ್ಲದಿದ್ದರೆ ಏನೂ ನಡೆಯಲಿಲ್ಲ ಎಂದು ತಿಳಿಯುವುದೂ ಅದೇ ಸ್ವಭಾವದ ಇನ್ನೊಂದು ಮುಖ.

ಚಿತ್ರಗಳ ಸುಗ್ಗಿಯನ್ನು ಕಾಣಬೇಕಾದರೆ ಬೆಂಗಳೂರಿಗೇ ಹೋಗಬೇಕು. 1940ರ ಡಿಸೆಂಬರ್ 23ರಂದು ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಅಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರಖಾನೆಯನ್ನು ಸ್ಥಾಪಿಸಿದರು. ಮರುವರ್ಷದ ಆಗಸ್ಟಿನಲ್ಲಿ ‘ಹಾರ್ಲೊ’ ಎಂಬ ತರಬೇತಿ ವಿಮಾನವೂ, 1942ರ ಜುಲೈ 31ರಂದು ‘ಹಾಕ್’ ಎಂಬ ಯುದ್ಧವಿಮಾನವೂ ಅಲ್ಲಿಂದ ಹಾರಿದವು. 1943ರಿಂದ ಅಮೆರಿಕದವರು ತಮ್ಮ ವಿಮಾನಗಳ ರಿಪೇರಿಗೆ ಆ ಕಾರಖಾನೆಯನ್ನು ಹಿಡಿದರು. ನೀರಿನಲ್ಲಿ ಇಳಿಯುವ ‘ಕ್ಯಾಟಲಿನಾ’ಗಳು ಬೆಳ್ಳಂದೂರು ಕೆರೆಗೆ ಬಂದಿಳಿದವು. ಇಂದು ಆ ಕೆರೆಯ ಸ್ಥಿತಿಯನ್ನು ಬಲ್ಲವರಿಗೆ ಇದು ಕಟ್ಟುಕಥೆಯಂತೆ ಕಂಡೀತು! ಕಾರಖಾನೆಯವರು 2001ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ದಶಕ ದಶಕದ ಛಾಯಾಚಿತ್ರಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಹೋದವರು ನಿಧಾನವಾಗಿ ನೋಡಬೇಕು. ಅಲ್ಲಿ ಮಾತ್ರವಲ್ಲ, ಆ ಕಾಲದ ಕಾರಖಾನೆಯ ಚಿತ್ರಗಳನ್ನು ಎಲ್ಲಿ ನೋಡಿದರೂ ನನಗೆ ಒಂದೇ ಕೊರತೆ ಎದ್ದು ಕಾಣುತ್ತದೆ. ಕೆಳಗಿನ ಬರಹದಲ್ಲಿ ಯಂತ್ರದ ಹೆಸರು ತಪ್ಪದೆ ಇರುತ್ತದೆ, ಬಂದುಹೋದ ಗಣ್ಯರ ಹೆಸರೂ ಇರುತ್ತದೆ. ಎಂಜಿನ್ನಿನ ಮೇಲೆ ಬಾಗಿ ಸ್ಪ್ಯಾನರ್ ತಿರುಗಿಸುತ್ತಿರುವ ಖಾಕಿ ಚಡ್ಡಿಯ ಹುಡುಗ ಯಾರು ಎಂಬುದು ಅಪರೂಪಕ್ಕೂ ಇರುವುದಿಲ್ಲ.

ನಮ್ಮ ಕರಾವಳಿಯಲ್ಲಿ ವಿಮಾನ ನಿಂತದ್ದು, ಅದರಿಂದ ಪಟಕ್ಕೂ ಸಿಕ್ಕಿದ್ದು, 1951ರ ಡಿಸೆಂಬರ್ 25ರಂದು. ಆ ದಿನ ಪ್ರಧಾನಿ ಜವಾಹರಲಾಲ್ ನೆಹರೂ ಡಿ.ಸಿ.-3 ವಿಮಾನದಲ್ಲಿ ಬಜ್ಪೆಯ ಗುಡ್ಡದ ಮೇಲೆ ಬಂದಿಳಿದರು. ನಿಲ್ದಾಣದ ಆರಂಭವೂ ಅದೇ. ಜನರ ಬಾಯಲ್ಲಿ ಡಕೋಟ ಎನಿಸಿಕೊಂಡ ಈ ವಿಮಾನಕ್ಕೆ ಚಿಕ್ಕ ಗಾಲಿ ಇರುವುದು ಬಾಲದಡಿಯಲ್ಲಿ. ಆದ್ದರಿಂದ ನೆಲದ ಮೇಲೆ ನಿಂತಾಗ ಮೂಗು ಮೇಲೆತ್ತಿ, ಮನೆಯಂಗಳದಲ್ಲಿ ಕುಳಿತ ನಾಯಿಯ ಹಾಗೆ ಕಾಣುತ್ತದೆ. ಆಮೇಲೆ ಬಂದ ‘ಆವ್ರೊ’ಗಳಿಗೆ ಗಾಲಿ ಮೂಗಿನಡಿ, ಅವು ಮಟ್ಟಸವಾಗಿ ನಿಲ್ಲುತ್ತವೆ. ಉಡುಪಿ, ಕಾಪು, ಕಾರ್ಕಳಗಳ ಮನೆಗಳಲ್ಲಿ ‘ಬಜ್ಪೆಯ ಪಟ’ ಎಂಬ ಒಂದು ವರ್ಗವೇ ಇದೆ. ಮುಂಬಯಿಗೋ ಪರದೇಶಕ್ಕೋ ಹೊರಟವರನ್ನು ಕಳುಹಿಸಲು ಬಾಡಿಗೆ ಕಾರಿನಲ್ಲಿ ಮನೆಮಂದಿಯೆಲ್ಲ ಹೋಗಿ, ವಿಮಾನ ಹಿನ್ನೆಲೆಯಲ್ಲಿ ಬರುವ ಹಾಗೆ ನಿಂತು ತೆಗೆಸಿಕೊಂಡದ್ದು.

ಕಾರ್ಕಳದಲ್ಲಿ ನಮ್ಮ ನಂಟರ ಮನೆಯಲ್ಲಿ ಅಂಥದೊಂದು ಪಟ ನನ್ನ ಕೈಗೆ ಬಂತು. ಹಿಂದುಗಡೆ ‘ಬಜ್ಪೆ’ ಎಂದಷ್ಟೇ ಇತ್ತು, ವರ್ಷವಿಲ್ಲ. ನಾನು ಭೂತಗನ್ನಡಿ ಹಿಡಿದು ಕುಳಿತೆ. ಮೂಗು ಮೇಲಕ್ಕಿದೆ, ಆದ್ದರಿಂದ ಡಕೋಟ. ಕಿಟಕಿಗಳ ಮೇಲ್ಗಡೆ ಇಂಡಿಯನ್ ಏರ್‌ಲೈನ್ಸ್ ಎಂಬ ಬರಹ ಅರ್ಧ ಕಾಣುತ್ತದೆ. ಬೇರೆ ಬೇರೆ ಖಾಸಗಿ ಸಂಸ್ಥೆಗಳನ್ನು ಸೇರಿಸಿ ಸರಕಾರ ಆ ಸಂಸ್ಥೆಯನ್ನು ಮಾಡಿದ್ದು 1953ರ ಆಗಸ್ಟ್ 1ರಂದು, ಆದ್ದರಿಂದ ಅದಕ್ಕಿಂತ ಈಚಿನದು. ನಾನು ಇಷ್ಟು ಸಾಹಸ ಮಾಡಿ ತಲೆಯೆತ್ತುವಷ್ಟರಲ್ಲಿ ಎಂಬತ್ತು ದಾಟಿದ ಅತ್ತೆ ಪಟವನ್ನು ಕಸಿದುಕೊಂಡು, “ವಿಮಾನ ಯಾವುದಾದರೆ ಎಂತ ಮಾರಾಯ? ಇಗೋ, ಕೊಡೆ ಹಿಡಿದುಕೊಂಡದ್ದು ನಮ್ಮ ಸಣ್ಣ ಮಾವ. ಅವರ ಬಗಲಿಗೆ ಅಂಟಿಕೊಂಡದ್ದು ನಾನು. ಈ ಜರಿ ಸೀರೆ ಅಮ್ಮನದ್ದಲ್ಲ, ಆಚೆಮನೆಯಿಂದ ತಂದದ್ದು,” ಎಂದರು. ಸಣ್ಣ ಮಾವನ ಮದುವೆಗೆ ಹಿಂದಿನ ವರ್ಷ, ಅಣ್ಣ ಮುಂಬಯಿಗೆ ಹೊರಟದ್ದು ಎಂದು ಲೆಕ್ಕ ಹಿಡಿದು 1956 ಎಂದು ವರ್ಷವನ್ನೂ ಅವರೇ ಹೇಳಿಬಿಟ್ಟರು. ನನ್ನ ಭೂತಗನ್ನಡಿಗೆ ‘1953ರ ಮೇಲೆ’ ಎಂಬಲ್ಲಿಂದ ಮುಂದೆ ದಾರಿ ಇರಲಿಲ್ಲ.

ಪಟದ ಹಿಂದೆ ಪೆನ್ಸಿಲಿನಲ್ಲಿ ಎಡದಿಂದ ಬಲಕ್ಕೆ ಆರು ಹೆಸರುಗಳನ್ನು ಬರೆದೆ; ಕೆಳಗೆ ‘ಡಕೋಟ, ಬಜ್ಪೆ, 1956’ ಎಂದು ಸೇರಿಸಿದೆ. ಏಳನೆಯವನು ಬಲಗಡೆಯ ಅಂಚಿನಲ್ಲಿ, ತಲೆಯ ಮೇಲೆ ಹಾಸಿಗೆಯ ಸುರುಳಿ ಹೊತ್ತು, ಕ್ಯಾಮರಾಕ್ಕೆ ಬೆನ್ನು ಮಾಡಿ ವಿಮಾನವನ್ನೇ ನೋಡುತ್ತ ನಿಂತಿದ್ದಾನೆ. ಅವನು ಯಾರೆಂದು ಕೇಳಿದೆ. ಅತ್ತೆ ಪಟವನ್ನು ಬಾಗಿಲಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಕಾರಿನವನೊಟ್ಟಿಗೆ ಬಂದ ಹುಡುಗ ಇರಬೇಕು. ಅವನ ಹೆಸರು ಆಗಲೂ ಯಾರೂ ಕೇಳಲಿಲ್ಲ,” ಎಂದರು.